ಒಳಗೆ ಇಬ್ಬರು, ಹೊರಗೆ ಇಬ್ಬರು

ಠಾಣೆಯ ಹಿಂದಿನ ಅಂಗಳದಲ್ಲಿ ನಾವು ಆ ಬೆಳಿಗ್ಗೆ ಪರೀಕ್ಷೆ ಮುಗಿಸಿದ್ದೆವು. ನಾಡಿ ನೋಡುವ ಪುಟ್ಟ ಯಂತ್ರವನ್ನು ಲೀಡಿಂಗ್ ಫೈರ್‌ಮನ್ ಅವರ ಬೆರಳಿಗೆ ಸಿಕ್ಕಿಸಿ ನಾನು ಕಾಯುತ್ತಿದ್ದೆ. ಕೋವಿಡ್ ಕಾಲದಲ್ಲಿ ಠಾಣೆಗೆ ಬಂದಿದ್ದ ಯಂತ್ರ ಅದು. ಉಳಿದವರ ನಾಡಿ ನೀರು ಕುಡಿದು ಕೂರುವಷ್ಟರಲ್ಲಿ ಇಳಿದಿತ್ತು. ಇವರದು ಇಳಿಯಲಿಲ್ಲ. ಹೆಲ್ಮೆಟ್ ತೆಗೆದು, ಕೋಟಿನ ಗುಂಡಿ ಬಿಚ್ಚಿ, ನೆರಳಿನಲ್ಲಿ ಕೂತರೂ ಇಳಿಯಲಿಲ್ಲ.

"ಮಿಷನ್ನು ಕೆಟ್ಟೈತೆ ಬಿಡಿ ಸಾರ್," ಎಂದು ನಕ್ಕರು.

ನಾನು ಯಂತ್ರವನ್ನು ತೆಗೆದು ನನ್ನ ಬೆರಳಿಗೇ ಹಾಕಿ ನೋಡಿದೆ. ಕೆಟ್ಟಿರಲಿಲ್ಲ.

ಠಾಣೆಯಲ್ಲಿ ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಐವತ್ತು ದಾಟಿದ್ದರು. ದಾಬಸ್‌ಪೇಟೆ ಆಚೆಯ ಹಳ್ಳಿಯವರು, ರಜೆ ಸಿಕ್ಕರೆ ಹೊಲದಲ್ಲಿರುವವರು. ಹುದ್ದೆಯಲ್ಲಿ ನಾನು ಠಾಣಾಧಿಕಾರಿ, ಅವರಿಗಿಂತ ಮೇಲಿನವನು. ಆದರೆ ಹೊಗೆ ತುಂಬಿದ ಕಟ್ಟಡದ ಮುಂದೆ ಗಾಡಿ ನಿಂತಾಗ ಹುಡುಗರು ಮೊದಲು ನೋಡುತ್ತಿದ್ದುದು ಅವರ ಮುಖವನ್ನೇ.

ಪ್ರತಿ ತಿಂಗಳು ಪ್ರತಿಯೊಬ್ಬ ಸಿಬ್ಬಂದಿಯ ಕೆಲಸದ ಸಾಮರ್ಥ್ಯವನ್ನೂ ಸುರಕ್ಷತೆಯನ್ನೂ ಪರಿಶೀಲಿಸಬೇಕು ಎಂಬ ಆದೇಶ ಮೇಲಿನಿಂದ ಬಂದಿತ್ತು. ಅದನ್ನು ಕುರ್ಚಿಯಲ್ಲಿ ಕೂತೇ ಭರ್ತಿ ಮಾಡಿ ಕಳಿಸಬಹುದಿತ್ತು. ನಾನು ನಿಜವಾಗಿಯೂ ಮಾಡಿಸತೊಡಗಿದೆ. ಅದಕ್ಕೆ ಕಾರಣ ನಮ್ಮ ಸುತ್ತಲಿನ ಜಾಗವೇ. ಹಿಂದೆ ಈ ಕಡೆಯ ಕರೆಗಳೆಂದರೆ ಹುಲ್ಲಿನ ಬಣವೆ, ನೀಲಗಿರಿ ತೋಪು, ಬಾವಿಗೆ ಬಿದ್ದ ಹಸು. ಈಗ ನೆಲಮಂಗಲದಿಂದ ಸೋಂಪುರದವರೆಗೆ ಹೆದ್ದಾರಿಯುದ್ದಕ್ಕೂ ತಗಡಿನ ಗೋಡೌನುಗಳು. ಯಾವುದರಲ್ಲಿ ಥಿನ್ನರ್ ಇದೆ, ಯಾವುದರಲ್ಲಿ ಪ್ಲಾಸ್ಟಿಕ್ ಇದೆ ಎಂಬುದು ಬೆಂಕಿ ಬಿದ್ದ ಮೇಲೆ ಗೊತ್ತಾಗುತ್ತದೆ. ಇಂಥ ಕಡೆ ಗಾಳಿಯ ಸೆಟ್ ಇಲ್ಲದೆ ಒಳಗೆ ಹೋಗಲಾಗುವುದಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮುಖವಾಡ. ಸಿಲಿಂಡರಿನಲ್ಲಿ ಇರುವಷ್ಟೇ ಉಸಿರು. ಹೆದರಿದವನು, ದಣಿದವನು, ಎದೆ ಸರಿಯಿಲ್ಲದವನು ಅದನ್ನು ಬೇಗ ಮುಗಿಸುತ್ತಾನೆ.

ಪರೀಕ್ಷೆ ಸರಳವಾಗಿತ್ತು. ಪೂರ್ತಿ ಉಡುಪು ತೊಟ್ಟು, ಸೆಟ್ ಹೊತ್ತು ಅಂಗಳ ಸುತ್ತಬೇಕು. ಏಣಿಯಲ್ಲಿ ಮಾಳಿಗೆಗೆ ಹತ್ತಿ ಇಳಿಯಬೇಕು. ಮನುಷ್ಯನ ತೂಕದ ಮರಳು ಮೂಟೆಯನ್ನು ಎಳೆದು ತರಬೇಕು. ಕೊನೆಗೆ ಎಷ್ಟು ಗಾಳಿ ಖರ್ಚಾಯಿತು, ನಾಡಿ ಎಷ್ಟು ಹೊತ್ತಿಗೆ ಇಳಿಯಿತು ಎಂದು ನೋಡುತ್ತಿದ್ದೆ. ಅಣ್ಣ ಎರಡರಲ್ಲೂ ಹಿಂದೆ ಬಿದ್ದರು. ಮುಂದಿನ ವಾರ ಮತ್ತೆ ಮಾಡಿಸಿದೆ. ಹಾಗೇ ಆಯಿತು. ಮೂರನೆಯ ಸಲ ಮೂಟೆ ಎಳೆದ ಮೇಲೆ ಯಾರೂ ಹೇಳದೆ ತಾವೇ ಮೆಟ್ಟಿಲ ಮೇಲೆ ಕೂತರು. ಅವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

"ಮಗಳು ಬಾಣಂತನಕ್ಕೆ ಬಂದವ್ಳೆ ಸಾರ್. ಕೂಸು ಕಣ್ ಮುಚ್ಚಕ್ಕೆ ಬಿಡಲ್ಲ. ನಿದ್ದೆ ಕೆಟ್ಟೈತೆ, ಅಷ್ಟೇಯ," ಎಂದರು.

"ಆಗಿರಬಹುದು. ಆದ್ರೂ ಒಂದ್ಸಲ ತೋರಿಸಿಬಿಡೋಣ."

ಅವರನ್ನು ತಾಲ್ಲೂಕು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಇಸಿಜಿ ತೆಗೆದ ವೈದ್ಯೆ ಹಾಳೆಯನ್ನು ಎರಡು ಸಲ ನೋಡಿದರು. "ಇಲ್ಲೊಂದು ಸ್ವಲ್ಪ ವ್ಯತ್ಯಾಸ ಇದೆ. ಏನೂ ಇಲ್ಲದೇ ಇರಬಹುದು. ಬೆಂಗಳೂರಲ್ಲಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಅಲ್ಲೀತನಕ ಭಾರದ ಕೆಲಸ ಬೇಡ," ಎಂದರು. ಬೆಂಗಳೂರಿನ ಹೃದ್ರೋಗ ಆಸ್ಪತ್ರೆಯಲ್ಲಿ ಸರದಿ ಸಿಕ್ಕಿದ್ದು ಮೂರು ವಾರದಾಚೆಗೆ.

ಹಿಂದಿರುಗುವಾಗ ಜೀಪಿನಲ್ಲಿ ಅಣ್ಣ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಠಾಣೆಯ ಗೇಟು ಬಂದಾಗ ನಾನೇ ಹೇಳಿದೆ: "ರಿಪೋರ್ಟ್ ಬರೋತನಕ ಸೆಟ್ ಹಾಕ್ಕೊಂಡು ಒಳಗೆ ಹೋಗೋದು ಬೇಡ. ಗಾಡಿ ಹತ್ರ ಇರಿ. ಪಂಪು, ಒಳಗೆ ಹೋದವರ ಗಾಳಿ ಲೆಕ್ಕ, ಅದನ್ನ ನೋಡ್ಕೊಳ್ಳಿ."

"ನನ್ನ ವಾಚ್‌ಮನ್ ಮಾಡ್ಬಿಟ್ರಿ," ಎಂದರು. ನಗಲಿಲ್ಲ.

ಈ ನಿರ್ಧಾರದಿಂದ ಏನಾಗುತ್ತದೆಂದು ನನಗೆ ಗೊತ್ತಿತ್ತು. ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಹೊಗೆಯೊಳಗೆ ಯಾರೂ ಒಬ್ಬರೇ ಹೋಗುವಂತಿಲ್ಲ, ಇಬ್ಬರು ಹೋಗಬೇಕು. ಅವರು ಒಳಗಿರುವಷ್ಟು ಹೊತ್ತು ಇನ್ನಿಬ್ಬರು ಸೆಟ್ ಹೊತ್ತು ಬಾಗಿಲಲ್ಲಿ ಸಿದ್ಧರಾಗಿ ನಿಂತಿರಬೇಕು. ಒಳಗಿನವರಿಗೆ ಏನಾದರೂ ಆದರೆ ಹೊರಗಿನ ಇಬ್ಬರು ನುಗ್ಗಬೇಕು. ನಮ್ಮ ಪಾಳಿಯಲ್ಲಿ ಸೆಟ್ ತರಬೇತಿಯಾದವರು ನಾಲ್ವರು: ಅಣ್ಣ, ದೊಡ್ಡಬಳ್ಳಾಪುರದವನೊಬ್ಬ, ಹೊಸಕೋಟೆಯವನೊಬ್ಬ, ಇನ್ನೊಬ್ಬ. ಆ ಇನ್ನೊಬ್ಬನನ್ನು ಬೇರೆ ಕಡೆ ನಿಯೋಜನೆ ಮೇಲೆ ಕಳಿಸಿ ಎಷ್ಟೋ ತಿಂಗಳಾಗಿತ್ತು. ಅವನ ಜಾಗದಲ್ಲಿ ನಾನೇ ನಿಲ್ಲುವುದು ರೂಢಿಯಾಗಿತ್ತು. ಈಗ ಅಣ್ಣನನ್ನೂ ತೆಗೆದ ಮೇಲೆ ಹೊರಗೆ ನಿಲ್ಲಲು ಜೋಡಿಯೇ ಇರಲಿಲ್ಲ.

ಮೇಲಿನ ಅಧಿಕಾರಿಗೆ ಬರೆದೆ. ಉತ್ತರ ಬಾರದಾಗ ಫೋನ್ ಮಾಡಿದೆ.

"ಎಲ್ಲ ಠಾಣೆಯವರೂ ಜನ ಕೇಳ್ತಾರೆ ಕಣ್ರೀ. ನಾನೆಲ್ಲಿಂದ ತರ್ಲಿ? ಇರೋದ್ರಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಿ."

"ಸಾರ್, ಒಳಗೆ ಕಳಿಸಿದ್ರೆ ಹೊರಗೆ ನಿಲ್ಲೋಕೆ ಜನ ಇಲ್ಲ."

"ಹಾಗಾದ್ರೆ ಅವರನ್ನ ಡ್ಯೂಟಿಗೆ ತಗೊಳ್ಳಿ."

"ಡಾಕ್ಟ್ರು ಬೇಡ ಅಂದಿದಾರೆ."

"ಹಾಗಾದ್ರೆ ತಗೋಬೇಡಿ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅವರೂ ಇನ್ಯಾರಿಗೋ ಇದೇ ಮಾತು ಹೇಳಿ, ಇದೇ ಉತ್ತರ ಪಡೆದಿದ್ದರೋ ಏನೋ.

ಠಾಣೆಯಲ್ಲಿ ಮಾತು ಕಡಿಮೆಯಾಯಿತು. ಊಟಕ್ಕೆ ಕೂತಾಗ ನಾನು ಬಂದರೆ ಹರಟೆ ನಿಲ್ಲುತ್ತಿತ್ತು. ದೊಡ್ಡಬಳ್ಳಾಪುರದವನು ಮಾತ್ರ ಎಂದಿನಂತಿದ್ದ. ಮಗ್ಗದ ಸದ್ದಿನಲ್ಲಿ ಬೆಳೆದವನಾದ್ದರಿಂದ ಅವನು ಸಣ್ಣ ದನಿಯಲ್ಲಿ ಮಾತಾಡಿದ್ದೇ ಇಲ್ಲ. ಒಮ್ಮೆ ಅಣ್ಣನ ಎದುರಿಗೇ, "ಅಣ್ಣಾ, ನೀನು ಹೊರಗೆ ನಿಂತು ಗಾಳಿ ಲೆಕ್ಕ ನೋಡ್ತಾ ಇದ್ರೆ ನಂಗೆ ಒಳಗೆ ಧೈರ್ಯ ಕಣಣ್ಣೋ," ಎಂದು ಕೂಗಿ ಹೇಳಿದ. ಅಣ್ಣ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು.

ಬೆಂಕಿಯ ಕರೆ ಬಂದದ್ದು ಮಧ್ಯಾಹ್ನ ಊಟ ಮುಗಿದ ಹೊತ್ತಿಗೆ. ಸೋಂಪುರ ಕೈಗಾರಿಕಾ ಪ್ರದೇಶದಲ್ಲಿ ಹಾಸಿಗೆಯ ಫೋಮ್ ಇಡುವ ಗೋಡೌನು. ಹೆದ್ದಾರಿಗೆ ಬರುವಷ್ಟರಲ್ಲೇ ಹೊಗೆ ಕಂಡಿತು. ಡಾಂಬರಿನಷ್ಟು ಕಪ್ಪು, ಅಲುಗಾಡದೆ ಮೇಲಕ್ಕೆ ನಿಂತ ಹೊಗೆ. ಗಾಡಿಯಲ್ಲಿ ನಾವು ಐದೇ ಜನ: ಚಾಲಕ, ಅಣ್ಣ, ದೊಡ್ಡಬಳ್ಳಾಪುರದವನು, ಹೊಸಕೋಟೆಯವನು, ನಾನು. ನೆರೆಯ ಠಾಣೆಯ ಗಾಡಿಯನ್ನೂ ದಾರಿಯಲ್ಲೇ ಕೇಳಿದೆ. ಹೊರಟಿದೆ ಎಂದರು.

ಗೇಟಿನಲ್ಲಿ ಗೋಡೌನಿನ ಸೂಪರ್‌ವೈಸರ್ ಓಡಿ ಬಂದು ನನ್ನ ಕೈ ಹಿಡಿದುಕೊಂಡ.

"ಒಬ್ಬ ಲೋಡರ್ ಒಳಗವ್ನೆ ಸಾರ್! ಒಡಿಶಾದವನು. ಊಟ ಆದ್ಮೇಲೆ ದಿನಾ ರೋಲ್‌ಗಳ ಹಿಂದೆ ಮಲಗ್ತಾನೆ."

"ನೀವು ನೋಡಿದ್ರಾ ಇವತ್ತು?"

"ಇವತ್ತು... ಮಲಗಿರ್ತಾನೆ ಸಾರ್, ದಿನಾ ಮಲಗ್ತಾನೆ. ಫೋನ್ ಮಾಡಿದ್ರೆ ಸ್ವಿಚ್ ಆಫ್ ಬರ್ತೈತೆ."

ಉಳಿದ ಕೂಲಿಯವರನ್ನು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಹೊರಬಂದದ್ದನ್ನು ಯಾರೂ ಕಂಡಿರಲಿಲ್ಲ.

ಬೆಂಕಿ ಮುಂದಿನ ಎಡ ಮೂಲೆಯಲ್ಲಿತ್ತು. ರೋಲುಗಳ ಸಾಲು ಬಲಗಡೆ ಹಿಂದಕ್ಕೆ ಹೋಗಿತ್ತು. ಶಟರ್ ಅರ್ಧ ಎತ್ತಿದಾಗ ನೆಲದ ಹತ್ತಿರ ಮೊಣಕಾಲೆತ್ತರ ಹೊಗೆಯಿಲ್ಲದ ಜಾಗ ಕಾಣುತ್ತಿತ್ತು. ತೆವಳಿ ಹೋದರೆ ಬಲಗೋಡೆ ಹಿಡಿದು ಹಿಂದಿನವರೆಗೆ ಹೋಗಿ ಬರಬಹುದು. ಹೊರಗೆ ನಿಲ್ಲಲು ಇಬ್ಬರು ಇಲ್ಲ. ನಿಯಮದ ಪ್ರಕಾರ ನೆರೆಯ ಗಾಡಿ ಬರುವವರೆಗೆ ನಾನು ಕಾಯಬೇಕು. ಆದರೆ ಒಳಗೆ ಮನುಷ್ಯ ಇದ್ದಾನೆಂದು ಒಬ್ಬ ನನ್ನ ಕೈ ಹಿಡಿದು ಹೇಳುತ್ತಿದ್ದ.

"ನಾವು ಹೋಗ್ತೀವಿ ಸಾರ್," ಎಂದ ದೊಡ್ಡಬಳ್ಳಾಪುರದವನು. ಆಗಲೇ ಸೆಟ್ಟಿನ ಪಟ್ಟಿ ಬಿಗಿಯುತ್ತಿದ್ದ. ಹೊಸಕೋಟೆಯವನು ತಲೆಯಾಡಿಸಿದ.

ಕಳಿಸಿದೆ.

ಬಾಗಿಲಲ್ಲಿ ಅಣ್ಣ ಇಬ್ಬರ ಹೆಸರಿನ ಬಿಲ್ಲೆಗಳನ್ನೂ ಲೆಕ್ಕದ ಹಲಗೆಗೆ ಸಿಕ್ಕಿಸಿದರು. ಇಬ್ಬರ ಸಿಲಿಂಡರಿನ ಒತ್ತಡ ಬರೆದು, ಯಾವ ಹೊತ್ತಿಗೆ ಹಿಂದಿರುಗಲೇಬೇಕು ಎಂದು ಲೆಕ್ಕ ಹಾಕಿ ಕೂಗಿ ಹೇಳಿದರು. ಒಬ್ಬೊಬ್ಬರ ಮುಖವಾಡದ ಅಂಚಿಗೆ ಬೆರಳಾಡಿಸಿ ಬಿಗಿ ನೋಡಿದರು. "ಬಲಗೋಡೆ ಬಿಡಬ್ಯಾಡಿ. ಪೈಪು ಕೈಬಿಡಬ್ಯಾಡಿ. ಸೈರನ್ ಕೇಳಿದ್ರೆ ಏನೇ ಇರ್ಲಿ ವಾಪಸ್," ಎಂದರು. ಇಬ್ಬರೂ ಪೈಪು ಎಳೆದುಕೊಂಡು ಶಟರಿನ ಕೆಳಗೆ ನುಸುಳಿದರು. ಬೂಟುಗಳು ಸ್ವಲ್ಪ ಹೊತ್ತು ಕಂಡವು, ಆಮೇಲೆ ಪೈಪು ಮಾತ್ರ ಸರಿಯುತ್ತಿತ್ತು.

ಮೊದಲು ವಾಕಿಟಾಕಿಯಲ್ಲಿ ಮಾತು ಬರುತ್ತಿತ್ತು. "ಮೊದಲ ಸಾಲು ಮುಗೀತು. ಯಾರೂ ಇಲ್ಲ." ಆಮೇಲೆ ತಗಡಿನ ಗೋಡೆಗಳ ನಡುವೆ ಅದು ಬರೀ ಗೊರಗೊರ ಎಂದಿತು. ನಾನು ಪಕ್ಕದ ಕಿಂಡಿಯಿಂದ ನೀರು ಹೊಡೆಯುತ್ತಿದ್ದೆ. ಅಣ್ಣ ಕಣ್ಣು ತೆಗೆಯದೆ ಹಲಗೆ ನೋಡುತ್ತಿದ್ದವರು ಒಮ್ಮೆಲೇ, "ಸಾರ್, ಕರೀರಿ. ಹೊತ್ತಾಯ್ತು," ಎಂದರು. ಅದೇ ಹೊತ್ತಿಗೆ ಹೊಗೆ ಇನ್ನೂ ಕೆಳಗಿಳಿದು ಶಟರಿನ ಬುಡ ಮುಟ್ಟಿತು. ಚಾಲಕನಿಗೆ ಕೈ ಮಾಡಿದೆ. ಅವನು ಗಾಡಿಯ ಸೈರನ್ನನ್ನು ಬಿಟ್ಟು ಬಿಟ್ಟು ಕೂಗಿಸಿದ. ಹಿಂದಿರುಗಿ ಎಂಬ ಸೂಚನೆ ಅದು.

ಆಗ ಒಳಗಿನಿಂದ ಏನೋ ರಾಶಿಯಾಗಿ ಉರುಳಿದ ಸದ್ದು ಬಂತು. ಬಡಿತದ ಸದ್ದಲ್ಲ, ದಪ್ಪನೆಯ, ಮೆತ್ತನೆಯ ಸದ್ದು.

ಹೊಸಕೋಟೆಯವನು ತೆವಳಿಕೊಂಡು ಬಂದ. ಒಬ್ಬನೇ. ಎಳೆದು ಹೊರಗೆ ಹಾಕಿ ಮುಖವಾಡ ತೆಗೆದೆವು. ಎರಡು ಸಲ ವಾಂತಿ ಮಾಡಿದ.

"ರೋಲ್ ಬಿದ್ವು... ನಾನು ಈ ಕಡೆ... ಅವನು ಆ ಕಡೆ. ಪೈಪು ಅಡಿ ಸಿಕ್ಕಾಕೊಂಡೈತೆ ಸಾರ್. ಎಳೆದೆ. ಬರ್ಲಿಲ್ಲ." ಏಳಲು ಹೋದ. ಕಾಲು ನಿಲ್ಲಲಿಲ್ಲ, ಮತ್ತೆ ಕುಸಿದ.

ನಮ್ಮ ಸೆಟ್‌ಗಳಲ್ಲಿ ಗಾಳಿ ಕೊನೆಗೆ ಬಂದಾಗ ತಾನಾಗಿ ಕೂಗುವ ಸೀಟಿಯೊಂದಿದೆ. ಆ ಸೀಟಿ ಈಗ ಒಳಗಿನಿಂದ ಕೇಳಿಸಿತು. ತೆಳುವಾಗಿ, ಬಲಗಡೆ ಹಿಂದಿನಿಂದ.

ತಿರುಗಿ ನೋಡಿದರೆ ಅಣ್ಣ ಉಳಿದಿದ್ದ ಎರಡು ಸೆಟ್‌ಗಳಲ್ಲಿ ಒಂದನ್ನು ಬೆನ್ನಿಗೆ ಏರಿಸುತ್ತಿದ್ದರು.

"ಇಳಿಸಿ," ಎಂದೆ.

"ಇಬ್ರು ಬೇಕು ತಾನೇ? ನೀವೂ ನಾನೂ ಹೋಗಣ ಬನ್ನಿ ಸಾರ್. ಎಲ್ಲವ್ನೆ ಅಂತ ಗೊತ್ತೈತೆ ನಂಗೆ. ಕೇಳ್ತಿಲ್ವಾ ಸೀಟಿ?"

"ಡಾಕ್ಟ್ರು ಏನಂದ್ರು ನಿಮಗೆ?"

"ಡಾಕ್ಟ್ರು ಇಲ್ಲಿ ಅವ್ರಾ ಈಗ?"

"ಒಳಗೆ ನೀವು ಬಿದ್ರೆ ನಾನು ಯಾರನ್ನ ಎಳೀಲಿ, ನಿಮ್ಮನ್ನಾ, ಅವನನ್ನಾ? ಹೊರಗೆ ಯಾರಿದಾರೆ? ಡ್ರೈವರ್ ಒಬ್ಬ."

"ಬೀಳಲ್ಲ ಸಾರ್ ನಾನು! ನಿಮ್ ಕಾಲಿಗೆ ಬೀಳ್ತೀನಿ, ಬಿಡಿ ನನ್ನ."

ಅವರ ಭುಜದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನನಗಿಂತ ಬಲವಾದ ಮನುಷ್ಯ, ಕೊಸರಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಇಪ್ಪತ್ತೈದು ವರ್ಷ ಆಜ್ಞೆ ಪಾಲಿಸಿದ ಮೈ ಅದು, ನಿಂತಿತು. ಆದರೆ ಕಣ್ಣು ನನ್ನ ಮೇಲೆ ಇರಲಿಲ್ಲ, ಶಟರಿನ ಮೇಲಿತ್ತು.

ನೆರೆಯ ಠಾಣೆಯ ಗಾಡಿ ಎಲ್ಲಿದೆ ಎಂದು ವಾಕಿಟಾಕಿಯಲ್ಲಿ ಕೂಗಿದೆ. ದಾಬಸ್‌ಪೇಟೆ ಜಂಕ್ಷನ್ನಿನಲ್ಲಿ ಲಾರಿಯೊಂದು ಅಡ್ಡ ನಿಂತು ಎರಡೂ ಕಡೆ ಸಿಕ್ಕಿಕೊಂಡಿದೆ, ಬರುತ್ತಿದ್ದೇವೆ ಎಂದರು.

ಆ ಹೊತ್ತಿನಲ್ಲೇ ಸೀಟಿ ನಿಂತಿತು.

ಅಣ್ಣ ನೆಲಕ್ಕೆ ಕೂತುಬಿಟ್ಟರು. ನನಗೂ ಕೂರಬೇಕೆನಿಸಿತು. ನನ್ನ ಕೈಯಲ್ಲಿ ಆಗ ಏನೂ ಇರಲಿಲ್ಲ. ಜನವಿಲ್ಲ, ಹೊತ್ತಿಲ್ಲ. ಎದುರಿಗಿರುವುದು ತಗಡಿನ ಗೋಡೆ. ಅದನ್ನೇ ನೋಡುತ್ತ ನಿಂತಾಗ ಪಕ್ಕದ ನಿವೇಶನದಲ್ಲಿ ಮಣ್ಣು ಮಟ್ಟ ಮಾಡುತ್ತಿದ್ದ ಜೆಸಿಬಿ ಕಣ್ಣಿಗೆ ಬಿತ್ತು. ಅದರ ಚಾಲಕ ಕೆಲಸ ನಿಲ್ಲಿಸಿ ಬೆಂಕಿ ನೋಡುತ್ತ ಕೂತಿದ್ದ.

ಗೋಡೆ ಹರಿದರೆ ಒಳಗೆ ಗಾಳಿ ನುಗ್ಗುತ್ತದೆ. ಗಾಳಿ ನುಗ್ಗಿದರೆ ಅಲ್ಲಿಯವರೆಗೆ ಹೊಗೆಯುತ್ತಿದ್ದದ್ದೆಲ್ಲ ಒಮ್ಮೆಗೇ ಹೊತ್ತಿಕೊಳ್ಳಬಹುದು. ಇದನ್ನು ಹೊಸಬರಿಗೆ ನಾನೇ ಪಾಠ ಮಾಡಿದ್ದೇನೆ, ಮನುಷ್ಯರು ಒಳಗಿರುವಾಗ ಕಂಡಕಂಡಲ್ಲಿ ಗೋಡೆ ತೆರೆಯಬೇಡಿ ಎಂದು. ಆದರೆ ಒಳಗಿರುವವನಿಗೆ ಉಸಿರೇ ಇಲ್ಲವಾದಾಗ ಏನು ಮಾಡಬೇಕೆಂದು ನನಗೂ ಯಾರೂ ಪಾಠ ಮಾಡಿರಲಿಲ್ಲ.

ಓಡಿದೆ. "ಆ ಹಿಂದಿನ ಗೋಡೆ ಕೀಳಬೇಕು, ಬಲಗಡೆ ಕೊನೆ," ಎಂದೆ. ಜೆಸಿಬಿಯವನು ಹಿಂದೂಪುರದ ಕಡೆಯವನಿರಬೇಕು, ತೆಲುಗು ಬೆರೆತ ಕನ್ನಡದಲ್ಲಿ, "ತೋರ್ಸಿ ಸಾರ್," ಎಂದು ಕೂಡಲೇ ಹೊರಟ. ಕಾಂಪೌಂಡನ್ನು ಉರುಳಿಸಿಕೊಂಡೇ ಒಳಬಂದ. ಅಣ್ಣ ಸೆಟ್ ಬಿಸಾಕಿ ಇನ್ನೊಂದು ಪೈಪು ಹಿಂದಕ್ಕೆ ಎಳೆದು ತಂದರು. ಗೋಡೆ ಎದೆಮಟ್ಟಕ್ಕೆ ಇಟ್ಟಿಗೆ, ಮೇಲೆ ತಗಡು. ಜೆಸಿಬಿಯ ಹಲ್ಲು ತಗಡಿಗೆ ಸಿಕ್ಕಿ ಎಳೆದಾಗ ಹೊಗೆ ಕೆರೆ ಕೋಡಿ ಬಿದ್ದಂತೆ ಹೊರಗೆ ಸುರಿಯಿತು. ಎರಡನೆಯ ತಗಡು ಬಂದಾಗ ಒಳಗೆ ದಢ್ ಎಂದು ಬೆಂಕಿ ಎದ್ದಿತು. ಅಣ್ಣ ಆ ಬಾಯಿಗೇ ನಿಂತು, ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು, ಬೆಂಕಿಗೂ ರೋಲುಗಳಿಗೂ ನಡುವೆ ನೀರಿನ ತೆರೆ ಹಿಡಿದರು. ಅವರ ಹಿಂದೆ ಪೈಪಿನ ಭಾರ ಹೊತ್ತು ನಾನಿದ್ದೆ. ಇಟ್ಟಿಗೆಯನ್ನು ಜೆಸಿಬಿ ತಳ್ಳಿ ಕೆಡವಿದ ಮೇಲೆ ರೋಲುಗಳ ಅಡಿಯಲ್ಲಿ ಒಂದು ಬೂಟು ಕಂಡಿತು.

ಆಗ ನೆರೆಯ ಠಾಣೆಯ ಗಾಡಿ ಬಂತು. ಅವರಲ್ಲಿ ಇಬ್ಬರು ಸೆಟ್ ಹೊತ್ತು ಆ ಬಾಯಿಂದಲೇ ನುಗ್ಗಿ ಅವನನ್ನು ಎಳೆದು ತಂದರು. ಮುಖವಾಡ ಅರ್ಧ ಕಳಚಿತ್ತು. ಗಾಳಿ ಮುಗಿದಾಗ ಅವನೇ ಕಿತ್ತುಕೊಂಡಿರಬೇಕು. ಮೂಗು ಬಾಯಿಯ ಸುತ್ತ ಕಪ್ಪು. ಎದೆ ಏರಿಳಿಯುತ್ತಿತ್ತು, ಆದರೆ ಒಳಗೆ ಮರಳು ತುಂಬಿದ ಸದ್ದು.

ಆಂಬುಲೆನ್ಸಿನ ಬಾಗಿಲು ಹಾಕುವಾಗ ಗೇಟಿನ ಕಡೆ ಗದ್ದಲವಾಯಿತು. ತೆಳ್ಳಗಿನ ಮನುಷ್ಯನೊಬ್ಬನನ್ನು ಸೂಪರ್‌ವೈಸರ್ ಕತ್ತಿನಪಟ್ಟಿ ಹಿಡಿದು ಜಗ್ಗುತ್ತಿದ್ದ. ಅದೇ ಲೋಡರ್. ಫೋನ್ ಕೆಟ್ಟಿತ್ತೆಂದು ರಿಪೇರಿ ಅಂಗಡಿಗೆ ಹೋಗಿದ್ದನಂತೆ. ಏನಾಗಿದೆಯೆಂದು ಯಾರೋ ಹಿಂದಿಯಲ್ಲಿ ಹೇಳಿದರು. ಅವನು ಆಂಬುಲೆನ್ಸಿನ ಕಡೆ ನೋಡಿ ಎರಡೂ ಕೈ ಮುಗಿದು ನಿಂತ, ಗಾಡಿ ಹೊರಟ ಮೇಲೂ ಕೈ ಇಳಿಸಲಿಲ್ಲ. ಅವನ ಮೇಲೆ ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅವನು ಮಾಡಿದ ತಪ್ಪೇನೆಂದು ಹುಡುಕಿದರೆ ಸಿಗುತ್ತಿರಲಿಲ್ಲ.

ವಿಚಾರಣೆ ನಡೆಯಿತು. ಬಂದಿದ್ದ ಹಿರಿಯ ಅಧಿಕಾರಿ ಗೌರವದಿಂದಲೇ ಕೇಳಿದರು.

"ಹೊರಗೆ ಜೋಡಿ ಇಲ್ಲದೆ ಇಬ್ಬರನ್ನ ಒಳಗೆ ಕಳಿಸಿದ್ರಿ?"

"ಒಬ್ಬ ಒಳಗಿದಾನೆ ಅಂದ್ರು ಸಾರ್."

"ಆಮೇಲೆ ನಿಮ್ಮವನೇ ಸಿಕ್ಕಿಕೊಂಡಾಗ, ಸೆಟ್ ಇತ್ತು, ಅನುಭವ ಇದ್ದ ಮನುಷ್ಯ ಇದ್ರು. ಕಳಿಸಲಿಲ್ಲ."

"ಅವರಿಗೆ ವೈದ್ಯರು ಬೇಡ ಅಂದಿದ್ರು ಸಾರ್."

ಅವರು ಕೊನೆಗೆ ಎರಡೂ ಸಂದರ್ಭಕ್ಕೆ ತಕ್ಕ ನಿರ್ಧಾರಗಳೇ ಎಂದು ಬರೆದರು. ಸಿಬ್ಬಂದಿ ಕೊರತೆಯ ಬಗ್ಗೆಯೂ ಒಂದು ಸಾಲು ಸೇರಿಸಿದರು. ನನಗೆ ಸಮಾಧಾನವಾಗಬೇಕಿತ್ತು. ಅಲ್ಲಿ ಇಲ್ಲದ ಮನುಷ್ಯನಿಗಾಗಿ ನಿಯಮ ಮುರಿದಿದ್ದೆ. ಅಲ್ಲಿದ್ದ ನಮ್ಮವನ ವಿಷಯದಲ್ಲಿ ನಿಯಮವನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಎರಡೂ ಸರಿ ಎಂದು ಬರೆದಾಗಿತ್ತು. ಯಾರಾದರೂ ಒಂದನ್ನಾದರೂ ತಪ್ಪು ಎಂದಿದ್ದರೆ ನಾನು ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಅಣ್ಣನ ಟ್ರೆಡ್‌ಮಿಲ್ ಸರದಿ ಆ ವಾರವೇ ಬಂತು. ಅವರೇ ಹೋಗಿ ಬಂದರು. ಮರುದಿನ ನನ್ನ ಕೋಣೆಗೆ ಬಂದು ವರದಿಯನ್ನು ಮೇಜಿನ ಮೇಲಿಟ್ಟರು.

"ಏನೂ ಇಲ್ವಂತೆ ಸಾರ್."

ಓದಿದೆ. ಹೃದಯ ಚೆನ್ನಾಗಿದೆ, ಯಾವ ಕೆಲಸಕ್ಕೂ ಅಡ್ಡಿಯಿಲ್ಲ ಎಂದಿತ್ತು. ಇಸಿಜಿಯಲ್ಲಿ ಕಂಡದ್ದು ಕೆಲವರಿಗೆ ಹುಟ್ಟಿನಿಂದಲೇ ಇರುವ ವ್ಯತ್ಯಾಸವಂತೆ. ಹಾಗಾದರೆ ಆ ನಾಡಿ? ಕೂಸು ಅತ್ತಿತ್ತು, ನಿದ್ದೆಯಿರಲಿಲ್ಲ, ಅಷ್ಟೇ ಇದ್ದಿರಬಹುದು. ಅವರು ಅಂದು ಹೇಳಿದ್ದು ಅದನ್ನೇ. ಎದುರಿಗೆ ನಿಂತು ಬೈದಿದ್ದರೆ ಚೆನ್ನಾಗಿತ್ತು. "ನಾಳೆಯಿಂದ ಸೆಟ್ ಹಾಕ್ಕೋಬೋದಾ?" ಎಂದಷ್ಟೇ ಕೇಳಿದರು.

"ಹಾಕ್ಕೊಳ್ಳಿ."

ಮುಂದಿನ ಭಾನುವಾರ ಇಬ್ಬರೂ ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ದೊಡ್ಡಬಳ್ಳಾಪುರದವನನ್ನು ತೀವ್ರ ನಿಗಾ ಘಟಕದಿಂದ ವಾರ್ಡಿಗೆ ತಂದಿದ್ದರು. ಜೀವಕ್ಕೆ ಅಪಾಯವಿಲ್ಲ, ಆದರೆ ಶ್ವಾಸಕೋಶ ಮೊದಲಿನಂತಾಗುವುದಿಲ್ಲ, ಇನ್ನು ಕುರ್ಚಿಯ ಕೆಲಸವೇ ಎಂದು ವೈದ್ಯರು ಹೇಳಿದ್ದರು. ನಮ್ಮನ್ನು ಕಂಡು ಅವನು ಏನೋ ಹೇಳಿದ. ಬಗ್ಗಿ ಕಿವಿ ಬಾಯಿಗೆ ಹಚ್ಚಿದರೂ ಕೇಳಿಸಲಿಲ್ಲ. ಅಷ್ಟು ಸಣ್ಣ ದನಿ ಅವನ ಗಂಟಲಿನಿಂದ ಬರುವುದೇ ಹೊಸದು. ಅಣ್ಣ ಅವನ ಪಾದದ ಮೇಲೆ ಕೈಯಿಟ್ಟು ನಿಂತಿದ್ದರು.

ಹೊರಡುವಾಗ ಅವನ ಹೆಂಡತಿ ವರಾಂಡದವರೆಗೆ ಬಂದಳು. ಮಗ್ಗದ ಕೆಲಸಕ್ಕೆ ಹೋಗುತ್ತಿದ್ದವಳು, ಈಗ ಬಿಟ್ಟಿದ್ದಳು. ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು.

"ಸಾರ್, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಕೇಳಮ್ಮ."

"ಅವತ್ತು ಒಳಗೆ ಅಣ್ಣ ಸಿಕ್ಕಾಕೊಂಡು, ನಮ್ಮನೆಯವ್ರು ಹೊರಗೆ ನಿಂತಿದ್ದಿದ್ರೆ, ಇವ್ರನ್ನ ಒಳಗೆ ಕಳಿಸ್ತಿದ್ರಾ?"

ಸುಳ್ಳು ಹೇಳುವುದು ಸುಲಭವಿತ್ತು. ಆದರೆ ಅವಳು ನೇರವಾಗಿ ನೋಡುತ್ತಿದ್ದಳು. "ಕಳಿಸ್ತಿದ್ದೆ," ಎಂದೆ. "ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ನಾನೂ ಜೊತೆಗೆ ಹೋಗ್ತಿದ್ದೆ."

ಅವಳು ಫ್ಲಾಸ್ಕನ್ನು ಇನ್ನೊಂದು ಕೈಗೆ ಬದಲಿಸಿದಳು. "ಕಳಿಸದಿದ್ರೂ ಹೋಗ್ತಿದ್ರು ಬಿಡಿ," ಎಂದಳು. "ನೀವು ಬ್ಯಾಡ ಅಂದ್ರೂ ನಿಲ್ತಿರ್ಲಿಲ್ಲ ನಮ್ಮನೆಯವ್ರು."

ಹೇಳಿದ್ದು ನನಗೆ. ನೋಡಿದ್ದು ಅಣ್ಣನನ್ನು.

"ನಾನೇ ಹಿಡ್ಕೊಂಡೆ ಅಮ್ಮ ಅವರನ್ನ, ಅವರು ಹೊರಟಿದ್ರು..." ಎನ್ನುವಷ್ಟರಲ್ಲಿ ನರ್ಸ್ ಕರೆದರು. ಅವಳು ಒಳಗೆ ಹೋದಳು. ಅಣ್ಣ ಮೆಟ್ಟಿಲಿಳಿಯತೊಡಗಿದ್ದರು. ಕೆಳಗೆ ಬಂದು ನಾನು ಗಾಡಿ ತೆಗೆಯುವಾಗ, "ನೀವು ನಡೀರಿ ಸಾರ್. ನಾನು ಬಸ್ಸಲ್ಲಿ ಬರ್ತೀನಿ," ಎಂದರು. ಬನ್ನಿ ಎಂದು ಎರಡು ಸಲ ಕರೆದೆ. ಅವರು ಬಸ್ ನಿಲ್ದಾಣದ ಕಡೆ ನಡೆದರು.

ಆ ತಿಂಗಳ ಪರೀಕ್ಷೆಯಲ್ಲಿ ಅಣ್ಣ ಎಲ್ಲದರಲ್ಲೂ ಮುಂದಿದ್ದರು. ಮಗಳು ಗಂಡನ ಮನೆಗೆ ಹೋಗಿದ್ದಳು.

ಅದಾದ ಮೇಲೆ ಹೆದ್ದಾರಿ ಪಕ್ಕದ ಗುಜರಿ ಶೆಡ್ಡಿಗೆ ಬೆಂಕಿ ಬಿತ್ತು. ನಿಯೋಜನೆ ಮೇಲಿದ್ದವನನ್ನು ವಿಚಾರಣೆಯ ನಂತರ ನಮಗೆ ವಾಪಸ್ ಕೊಟ್ಟಿದ್ದರು. ಅಣ್ಣ ಮತ್ತು ಹೊಸಕೋಟೆಯವನು ಒಳಗೆ, ವಾಪಸ್ ಬಂದವನೂ ನಾನೂ ಸೆಟ್ ಹೊತ್ತು ಹೊರಗೆ. ನಿಯಮದಲ್ಲಿ ಹೇಳಿದಷ್ಟೇ ಜನ. ಒಳಗೆ ಮನುಷ್ಯರಾರೂ ಇಲ್ಲವೆಂದು ಖಚಿತವಾಗಿತ್ತು, ಉಳಿಸಬೇಕಾದದ್ದು ಹಳೆಯ ಪ್ಲಾಸ್ಟಿಕ್ಕು. ಮಾಡಿನ ತೊಲೆ ಬಾಗಿದ್ದು ಕಂಡು ಸೈರನ್ ಕೂಗಿಸಿದೆ. ಹೊಸಕೋಟೆಯವನು ಬಂದ. ಅಣ್ಣ ಬರಲಿಲ್ಲ. ಮತ್ತೆ ಕೂಗಿಸಿದೆ. ಮುಖವಾಡ ಏರಿಸಿಕೊಂಡು ನಾವಿಬ್ಬರೂ ಬಾಗಿಲಿಗೆ ಬಂದಾಗ ಅವರು ಹೊಗೆಯಿಂದ ನಿಧಾನವಾಗಿ, ತೆವಳದೆ, ನಡೆದುಕೊಂಡೇ ಹೊರಗೆ ಬಂದರು. ಬೆನ್ನ ಹಿಂದೆಯೇ ಮಾಡು ಕುಸಿಯಿತು.

"ಯಾಕೆ ಬರ್ಲಿಲ್ಲ?" ಎಂದು ಕಿರುಚಿದೆ.

ಮುಖವಾಡ ತೆಗೆದು, ಬೆವರೊರೆಸಿಕೊಂಡು, ಶಾಂತವಾಗಿ ನನ್ನನ್ನು ನೋಡಿದರು.

"ಕೇಳಿಸ್ಲಿಲ್ಲ ಸಾರ್," ಎಂದರು.

ಹೆದ್ದಾರಿಯಾಚೆಯ ಅಂಗಡಿಗಳ ಜನ ಸೈರನ್ ಕೇಳಿ ರಸ್ತೆಗೆ ಬಂದು ನಿಂತಿದ್ದರು. ಅಣ್ಣನ ಕಿವಿಯಲ್ಲಿ ಏನೂ ದೋಷವಿಲ್ಲವೆಂದು ನನಗೆ ಗೊತ್ತಿತ್ತು. ಎರಡು ವಾರದ ಹಿಂದಷ್ಟೇ ನಾನೇ ಪರೀಕ್ಷಿಸಿ, ಎಲ್ಲ ಕೆಲಸಕ್ಕೂ ಯೋಗ್ಯರು ಎಂದು ಸಹಿ ಹಾಕಿದ್ದೆ.